ಪ್ಲ್ಯಾನ್ ಶೀಟ್, ಸ್ಕ್ರಮ್, ಕಾನ್‌ಬಾನ್: ಬೆಳಗಾವಿಯ ಸಣ್ಣ ತಂಡಕ್ಕೆ ಯಾವುದು ಒಗ್ಗಿತು?

ಕೋಡ್ ಚೆನ್ನಾಗಿ ಬರೆಯುವವರನ್ನು ಒಂದು ದಿನ ಕರೆದು, "ಇನ್ಮ್ಯಾಲೆ ಈ ಪ್ರಾಜೆಕ್ಟ್ ನೀವ ನೋಡ್ಕೋರಿ" ಅಂದುಬಿಡುತ್ತಾರೆ. ನಮ್ಮ ಕಡೆಯ ಸಣ್ಣ ಕಂಪನಿಗಳಲ್ಲಿ ಎಷ್ಟೋ ಜನ ಪ್ರಾಜೆಕ್ಟ್ ಮ್ಯಾನೇಜರ್ ಆಗುವುದು ಹೀಗೆಯೇ. ತರಬೇತಿ ಅಂತ ಏನೂ ಇರುವುದಿಲ್ಲ. ಕೆಲಸ ಹಂಚುವುದು ಹೇಗೆ, ತಾರೀಕು ಹೇಳುವುದು ಹೇಗೆ ಅನ್ನುವ ಪ್ರಶ್ನೆ ಮಾತ್ರ ಮೊದಲ ವಾರವೇ ಎದುರಿಗೆ ಬಂದು ನಿಲ್ಲುತ್ತದೆ.

ಟಿಳಕವಾಡಿಯಲ್ಲಿರುವ ನಮ್ಮ ಆಫೀಸಿನಲ್ಲಿ ನಾಲ್ವರು ಡೆವಲಪರ್, ಒಬ್ಬರು ಟೆಸ್ಟರ್ ಇದ್ದಾರೆ. ಇದೇ ತಂಡ ಇಟ್ಟುಕೊಂಡು ಪ್ಲ್ಯಾನ್ ಶೀಟ್, ಸ್ಕ್ರಮ್, ಕಾನ್‌ಬಾನ್ ಈ ಮೂರೂ ಪದ್ಧತಿಯಲ್ಲಿ ಕೆಲಸ ನಡೆಸಿ ನೋಡಿದ್ದೇನೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಹೊಸಬರು ಕಾನ್‌ಬಾನ್‌ನಿಂದ ಶುರು ಮಾಡುವುದು ಒಳ್ಳೆಯದು. ಆದರೆ ಉಳಿದೆರಡರಿಂದ ಒಂದೊಂದು ವಸ್ತು ತೆಗೆದುಕೊಳ್ಳದಿದ್ದರೆ ಅದು ಸಾಲುವುದಿಲ್ಲ.

ಪ್ಲ್ಯಾನ್ ಶೀಟ್ ಅಂದರೆ ಹಳೆಯ ವಾಟರ್‌ಫಾಲ್ ದಾರಿ. ಮೊದಲು ಬೇಡಿಕೆಗಳನ್ನೆಲ್ಲ ಬರೆಯುವುದು, ಆಮೇಲೆ ಡಿಸೈನ್, ಕೋಡಿಂಗ್, ಟೆಸ್ಟಿಂಗ್. ಎಕ್ಸೆಲ್‌ನಲ್ಲಿ ಒಂದರ ಕೆಳಗೊಂದು ಪಟ್ಟಿ ಎಳೆದು ತಾರೀಕು ಹಾಕುತ್ತೇವೆ. ನಾನು ಇದನ್ನು ಬಳಸಿದ್ದು ಸಕ್ಕರೆ ಕಾರ್ಖಾನೆಯ ಕಾಟಾ, ಅಂದರೆ ಗಾಡಿ ತೂಗುವ ದೊಡ್ಡ ತಕ್ಕಡಿಯ ಸಾಫ್ಟ್‌ವೇರ್‌ಗೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಕಾಟಾ ಮೇಲೆ ಬಂದಾಗ ಒಂದು ತೂಕ, ಖಾಲಿ ಮಾಡಿ ಬಂದಾಗ ಇನ್ನೊಂದು ತೂಕ. ಎರಡರ ವ್ಯತ್ಯಾಸವೇ ರೈತರ ಕಬ್ಬು. ಅದರ ಮೇಲೆ ಸ್ಲಿಪ್ ಬರಬೇಕು. ಏನು ಬೇಕು ಅನ್ನುವುದು ಸ್ಪಷ್ಟ. ಕಬ್ಬು ಅರೆಯುವ ಹಂಗಾಮು ಯಾವಾಗ ಶುರುವಾಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ, ಅದು ಯಾರಿಗೂ ಕಾಯುವುದೂ ಇಲ್ಲ. ಇಂಥ ಕೆಲಸಕ್ಕೆ ಶೀಟ್ ನಿಜವಾಗಿ ಉಪಯೋಗಕ್ಕೆ ಬಂತು. ಪ್ರಿಂಟರ್ ಯಾವ ದಿನದೊಳಗೆ ಬರಬೇಕು, ಕಾಟಾ ಮೇಲಿನ ಟ್ರಯಲ್ ಯಾವಾಗ, ಯಾವುದು ತಡವಾದರೆ ಯಾವುದು ನಿಲ್ಲುತ್ತದೆ, ಎಲ್ಲ ಒಂದೇ ನೋಟಕ್ಕೆ ಕಾಣುತ್ತದೆ.

ಅಂದಾಜು ಹಾಕುವ ಒಂದು ಲೆಕ್ಕವನ್ನು ನಾನು ಇಲ್ಲಿಂದಲೇ ಉಳಿಸಿಕೊಂಡಿದ್ದೇನೆ. 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗೆ ರೂಪಿಸಿದ ಪರ್ಟ್ ಲೆಕ್ಕ ಅದು. ಎಲ್ಲ ಸರಿಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು ಅಂತ ಮೂರು ಅಂಕಿ ಕೇಳಬೇಕು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಒಂದು ರಿಪೋರ್ಟ್‌ಗೆ 4, 6, 14 ದಿನ ಅಂದರೆ ಅಂದಾಜು 7 ದಿನ. "ಆರು ದಿನ ಸರ್" ಅನ್ನುವ ಒಂದೇ ಉತ್ತರಕ್ಕಿಂತ ಇದು ಎಷ್ಟೋ ಮೇಲು. "ಕೆಟ್ಟರೆ ಎಷ್ಟು" ಅಂತ ಕೇಳಿದಾಗಲೇ ಡೆವಲಪರ್ ಮನಸ್ಸಿನಲ್ಲಿರುವ ಅಳುಕು ಬಾಯಿಗೆ ಬರುತ್ತದೆ.

ಶೀಟ್‌ನ ದೊಡ್ಡ ತೊಂದರೆ ಇರುವುದು "ಶೇಕಡಾ ಮುಗಿದಿದೆ" ಅನ್ನುವ ಕಾಲಮ್ಮಿನಲ್ಲಿ. ಅದು ಬೇಗ 90ಕ್ಕೆ ಹೋಗುತ್ತದೆ, ಆಮೇಲೆ ವಾರಗಟ್ಟಲೆ ಅಲ್ಲೇ ಕೂರುತ್ತದೆ. ಟೆಸ್ಟಿಂಗ್ ಕೊನೆಗೆ ಇರುವುದರಿಂದ ಬಗ್‌ಗಳೆಲ್ಲ ಒಟ್ಟಿಗೆ ಬರುತ್ತವೆ. ಈ ಹಂತಗಳ ಚಿತ್ರ ಬರೆದ ವಿನ್‌ಸ್ಟನ್ ರಾಯ್ಸ್ ಅವರೇ 1970ರ ತಮ್ಮ ಲೇಖನದಲ್ಲಿ, ಟೆಸ್ಟಿಂಗ್ ಕೊನೆಗೆ ಇಟ್ಟರೆ ಅಪಾಯ ಅಂತ ಎಚ್ಚರಿಸಿದ್ದರು. ತಡವಾದಾಗ ಮೇಲಿನವರು "ಇನ್ನಿಬ್ಬರು ಹುಡುಗರನ್ನ ಕೊಡ್ತೀವಿ" ಅನ್ನುತ್ತಾರೆ. ಐದು ಜನರ ನಡುವೆ ಮಾತುಕತೆಯ ಜೋಡಿಗಳು 10, ಏಳು ಜನರಾದರೆ 21. ಹೊಸಬರಿಗೆ ಕಲಿಸಲು ಹಳಬರೇ ಕೆಲಸ ಬಿಟ್ಟು ಕೂರಬೇಕು. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದದ್ದು ಇದಕ್ಕೇ.

ಸ್ಕ್ರಮ್ ಹಿಡಿದದ್ದು ಉದ್ಯಮಬಾಗದ ಒಂದು ಫೌಂಡ್ರಿಯ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯ) ಕೆಲಸಕ್ಕೆ. ಎರಡು ವಾರಕ್ಕೊಂದು ಸ್ಪ್ರಿಂಟ್, ಅಂದರೆ ಇಷ್ಟು ಕೆಲಸ ಅಂತ ಮೊದಲೇ ಗೊತ್ತು ಮಾಡಿಕೊಂಡು ಮುಗಿಸುವ ಅವಧಿ. ಸ್ಕ್ರಮ್‌ನ ನಿಯಮಗಳಿರುವ ಸ್ಕ್ರಮ್ ಗೈಡ್ ಪ್ರಕಾರ ಅದು ಒಂದು ತಿಂಗಳು ಮೀರಬಾರದು ಅಷ್ಟೇ. ದಿನಕ್ಕೆ 15 ನಿಮಿಷದ ಮೀಟಿಂಗ್. ಸ್ಪ್ರಿಂಟ್ ಮುಗಿದಾಗ ಗ್ರಾಹಕರ ಮುಂದೆ ಡೆಮೊ. ಈ ಡೆಮೊಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ರಿಜೆಕ್ಷನ್ ಬರೆಯುವ ಸ್ಕ್ರೀನ್ ತೋರಿಸುತ್ತಿದ್ದೆವು. ಮಾಲೀಕರು ಒಂದು ನಿಮಿಷ ನೋಡಿ, "ಹೀಟ್ ನಂಬರ್ ಎಲ್ಲೈತ್ರಿ?" ಅಂದರು. ಒಂದು ಸಲ ಕರಗಿಸಿದ ಲೋಹಕ್ಕೆ ಒಂದು ಹೀಟ್ ನಂಬರ್. ಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್ (ಗಾಳಿ ಸಿಕ್ಕಿ ಆಗುವ ತೂತು) ಬಂದರೆ ಅದು ಯಾವ ಹೀಟ್‌ನದು ಅಂತ ಗೊತ್ತಾಗದೆ ಕಾರಣ ಹುಡುಕಲು ಆಗುವುದಿಲ್ಲ. ಅವರಿಗೆ ಇದು ಎಷ್ಟು ಸಹಜವಾದ ಸಂಗತಿ ಅಂದರೆ, ಬೇಡಿಕೆಯ ಪಟ್ಟಿಯಲ್ಲಿ ಬರೆಸಬೇಕು ಅಂತಲೇ ಅನಿಸಿರಲಿಲ್ಲ. ಸ್ಕ್ರೀನ್ ಕಣ್ಣೆದುರು ಬಂದಾಗ ನೆನಪಾಯಿತು. ಎರಡನೇ ವಾರದಲ್ಲೇ ಗೊತ್ತಾದದ್ದರಿಂದ ಡೇಟಾಬೇಸ್ ಟೇಬಲ್ ಬದಲಿಸುವುದು ಅರ್ಧ ದಿನದ ಕೆಲಸವಾಯಿತು.

ಆದರೆ ಪೂರ್ತಿ ಸ್ಕ್ರಮ್ ನಮ್ಮಂಥ ತಂಡಕ್ಕೆ ಭಾರ. ಹೊಸ ಕೆಲಸದ ಜೊತೆಗೇ ಹಳೆ ಗ್ರಾಹಕರ ಫೋನ್ ಬರುತ್ತದೆ, ಬಿಲ್ ಪ್ರಿಂಟ್ ಆಗುತ್ತಿಲ್ಲ ಅಂತ. ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ ಅಂತ ಅವರಿಗೆ ಹೇಳುವುದು ಹೇಗೆ? ಗಣಪತಿ ಹಬ್ಬದ ವಾರಗಳಲ್ಲಂತೂ ಬೆಳಗಾವಿಯಲ್ಲಿ ಸ್ಪ್ರಿಂಟ್ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಆಗಿ ಕೂರಲು ಫೌಂಡ್ರಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಸ್ಟೋರಿ ಪಾಯಿಂಟ್, ಅಂದರೆ ಕೆಲಸ ಎಷ್ಟು ದೊಡ್ಡದು ಅಂತ ಕೊಡುವ ಅಂಕದ ವಿಷಯಕ್ಕೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ, ಆದರೆ ಅದು ಸ್ಕ್ರಮ್ ಗೈಡ್‌ನಲ್ಲೇ ಇಲ್ಲ.

ಇನ್ನು ಕಾನ್‌ಬಾನ್. ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಬೆಳೆಸಿದ ಈ ಪದ್ಧತಿ 2000ದ ದಶಕದಲ್ಲಿ ಸಾಫ್ಟ್‌ವೇರ್‌ಗೂ ಬಂತು. ಒಂದು ಬೋರ್ಡ್, ಅದರಲ್ಲಿ ಕಾಲಮ್ಮುಗಳು: ಮಾಡಬೇಕು, ಮಾಡುತ್ತಿದ್ದೇವೆ, ಟೆಸ್ಟಿಂಗ್, ಮುಗಿದಿದೆ. ಒಂದೊಂದು ಕೆಲಸಕ್ಕೆ ಒಂದು ಕಾರ್ಡ್. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಕಾನ್‌ಬಾನ್‌ನ ಜೀವ ಇರುವುದು ಮಿತಿಯಲ್ಲಿ. ಟೆಸ್ಟಿಂಗ್ ಕಾಲಮ್ಮಿನಲ್ಲಿ ಮೂರೇ ಕಾರ್ಡ್ ಅಂತ ಬರೆದರೆ ನಾಲ್ಕನೆಯದು ಒಳಗೆ ಬರುವಂತಿಲ್ಲ.

ನಮ್ಮಲ್ಲಿ ಮಿತಿ ಹಾಕಿದ ವಾರವೇ ಒಬ್ಬ ಡೆವಲಪರ್ ಕೋಡ್ ಮುಗಿಸಿ ಬಂದರು. ಮುಂದೆ ಜಾಗ ಇಲ್ಲ. "ಹಂಗಾದ್ರ ನಾ ಸುಮ್ನ ಕುಂದರ್ಲೇನ್ರಿ ಸರ್?" ಅಂತ ಕೇಳಿದರು. ಹೊಸ ಕಾರ್ಡ್ ಎತ್ತಿಕೊಳ್ಳುವ ಬದಲು ಟೆಸ್ಟರ್ ಪಕ್ಕ ಕೂತು, ಸ್ಲಿಪ್ ಮರುಮುದ್ರಣದ ಕಾರ್ಡ್ ಇಬ್ಬರೂ ಸೇರಿ ಮುಗಿಸಿ ಅಂದೆ. ಸಂಜೆಯೊಳಗೆ ಅದು ಹೊರಗೆ ಹೋಯಿತು. ಆವರೆಗೆ ಎಲ್ಲರೂ ಬಿಡುವಿಲ್ಲದೆ ದುಡಿಯುತ್ತಿದ್ದರು, ಹೊರಗೆ ಹೋಗುವ ಕೆಲಸ ಮಾತ್ರ ಕಡಿಮೆ ಇತ್ತು. ಕಾರಣ ಒಬ್ಬರೇ ಟೆಸ್ಟರ್ ಇದ್ದದ್ದು. ಶೀಟ್ ಇದನ್ನು ಕೊನೆಯ ತಿಂಗಳಲ್ಲಿ ತೋರಿಸುತ್ತದೆ, ಸ್ಕ್ರಮ್ ಸ್ಪ್ರಿಂಟ್ ಮುಗಿಯುವಾಗ ತೋರಿಸುತ್ತದೆ. ಬೋರ್ಡ್ ಅದೇ ದಿನ ತೋರಿಸುತ್ತದೆ. ಹೊಸ ಮ್ಯಾನೇಜರ್‌ಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಇದರ ಹಿಂದೆ ಗಟ್ಟಿ ಲೆಕ್ಕವೂ ಇದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಅದು. ಕೈಯಲ್ಲಿ 20 ಕಾರ್ಡ್ ಇದ್ದು, ವಾರಕ್ಕೆ 5 ಮುಗಿಯುತ್ತಿದ್ದರೆ ಒಂದು ಕಾರ್ಡ್‌ಗೆ ಸರಾಸರಿ 4 ವಾರ. ಮುಗಿಯುವ ವೇಗ ಅಷ್ಟೇ ಇದ್ದು ಕೈಯಲ್ಲಿರುವುದನ್ನು 10ಕ್ಕೆ ಇಳಿಸಿದರೆ 2 ವಾರ. ಯಾರೂ ಜಾಸ್ತಿ ಹೊತ್ತು ಕೂರಬೇಕಾಗಿಲ್ಲ.

ಗ್ರಾಹಕರು "ಯಾವಾಗ ಕೊಡ್ತೀರಿ?" ಅಂದಾಗ ಮೂರರ ಉತ್ತರವೂ ಬೇರೆ. ಶೀಟ್ ಒಂದು ತಾರೀಕು ಹೇಳುತ್ತದೆ. ಸ್ಕ್ರಮ್ ಮುಂದಿನ ಎರಡು ವಾರದಲ್ಲಿ ಏನು ಸಿಗುತ್ತದೆ ಅನ್ನುವುದನ್ನು ಹೇಳುತ್ತದೆ. ಕಾನ್‌ಬಾನ್‌ನಲ್ಲಿ ಹಳೆ ಕಾರ್ಡ್‌ಗಳ ದಾಖಲೆ ನೋಡಿ, ಇಂಥ ಹತ್ತು ಕೆಲಸದಲ್ಲಿ ಒಂಬತ್ತು ಇಷ್ಟು ದಿನದೊಳಗೆ ಮುಗಿದಿವೆ ಅನ್ನಬಹುದು. ಅದಕ್ಕೆ ಪ್ರತಿ ಕಾರ್ಡ್ ಮೇಲೂ ಶುರುವಾದ ತಾರೀಕು ಬರೆದಿರಬೇಕು. ನಡುವೆ ಬೇಡಿಕೆ ಬದಲಾದರೆ ಕಾನ್‌ಬಾನ್‌ನಲ್ಲಿ ತಲೆನೋವು ಕಡಿಮೆ, ಕೈ ಹಾಕದ ಕಾರ್ಡ್‌ಗಳ ಸಾಲನ್ನು ಹಿಂದೆಮುಂದೆ ಮಾಡಿದರಾಯಿತು.

ಕೊರತೆಯೂ ಇದೆ. ಗ್ರಾಹಕರನ್ನು ಕರೆದು ತೋರಿಸಿ ಅಂತ ಬೋರ್ಡ್ ಹೇಳುವುದಿಲ್ಲ. ಹಂಗಾಮಿಗೆ ಎಷ್ಟು ದಿನ ಉಳಿದಿದೆ ಅನ್ನುವುದೂ ಅದರಲ್ಲಿ ಕಾಣುವುದಿಲ್ಲ.

ಟ್ರೆಲ್ಲೋ, ಜಿರಾದಂಥ ಬೋರ್ಡ್ ಸಾಫ್ಟ್‌ವೇರ್‌ಗಳ ಬಗ್ಗೆ ಹೆಚ್ಚು ಯೋಚಿಸಬೇಡಿ, ಐದಾರು ಜನ ಒಂದೇ ಕೋಣೆಯಲ್ಲಿದ್ದರೆ ವೈಟ್‌ಬೋರ್ಡ್ ಸಾಕು. ಮ್ಯಾಗ್ನೆಟ್ ಮಾತ್ರ ಇಟ್ಟುಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಸ್ಟಿಕಿ ನೋಟ್‌ಗಳು ಉದುರಿ ಬೀಳುತ್ತವೆ.

ಕಾರ್ಖಾನೆ ಕೆಲಸವನ್ನು ಈಗ ಹೀಗೆ ನಡೆಸುತ್ತೇವೆ. ಶೀಟ್‌ನಲ್ಲಿ ಮುಖ್ಯ ತಾರೀಕುಗಳಷ್ಟೇ: ಕಾಟಾ ಟ್ರಯಲ್, ಆಪರೇಟರ್‌ಗಳ ತರಬೇತಿ, ಹಂಗಾಮಿನ ಶುರು. ದಿನದ ಕೆಲಸವೆಲ್ಲ ಬೋರ್ಡ್ ಮೇಲೆ. ಎರಡು ವಾರಕ್ಕೊಮ್ಮೆ ಡೆಮೊ, ಅದಕ್ಕೆ ಕಾಟಾದಲ್ಲಿ ಕೂತು ಸ್ಲಿಪ್ ಕೊಡುವ ಆಪರೇಟರ್ ಬರಲೇಬೇಕು ಅಂತ ಮೊದಲೇ ಒಪ್ಪಿಸಿಕೊಂಡಿರುತ್ತೇವೆ.