ಪ್ಲೇಯರ್‌ಗೆ ಹಾಕಿಸಿ ಕ್ಯಾಸೆಟ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ

ಶಿವಮೊಗ್ಗದಲ್ಲಿ ಹಳೇ ಕ್ಯಾಸೆಟ್ ಎಂಪಿ3 ಮಾಡಿಸಬೇಕು ಅಂತ ಇರುವವರು ದಯವಿಟ್ಟು ಓದಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಹೇಗೆ ಬೂಸ್ಟು ಹಿಡಿಯುತ್ತದೆ ಅಂತ ಈ ಕಡೆಯವರಿಗೆ ಗೊತ್ತೇ ಇದೆ. ಹದಿನೆಂಟು ಕ್ಯಾಸೆಟ್ ಉಳಿದಿದ್ದವು. ಒಂದರಲ್ಲಿ ನಮ್ಮ ಅಜ್ಜಿಯ ದನಿ ಇತ್ತು. 1991ರಲ್ಲಿ ಅತ್ತೆ ಮದುವೆಯಲ್ಲಿ ಹಸೆಗೆ ಕರೆಯುವ ಹಾಡು ಹೇಳಿದ್ದು. ಅದರ ಮೇಲೆ ಯಾರೂ ಬೇರೆ ರೆಕಾರ್ಡ್ ಮಾಡಬಾರದು ಅಂತ ಅಪ್ಪ ಕ್ಯಾಸೆಟ್ಟಿನ ಅಂಚಿನ ಎರಡೂ ಪ್ಲಾಸ್ಟಿಕ್ ಕಿವಿ ಮುರಿದಿಟ್ಟಿದ್ದರು.

ಅಂಗಡಿಯವರು 64 ಜಿಬಿ ಪ್ಲೇಯರ್ ತೋರಿಸಿದರು. ಎರಡು ಸಾವಿರ ಹಾಡು ಫ್ರೀ, ಕ್ಯಾಸೆಟ್ಟಿನದ್ದೂ ಹಾಕಿಕೊಡ್ತೀವಿ ಅಂದರು. "ಈ ಬೂಸ್ಟು ಹಿಡಿದ ಕ್ಯಾಸೆಟ್ ಇನ್ನು ಯಾಕೆ? ಬಿಟ್ಟು ಹೋಗಿ, ಮುನ್ನೂರು ರೂಪಾಯಿ ಕಡಿಮೆ ಮಾಡ್ತೀನಿ." ಮುನ್ನೂರು ರೂಪಾಯಿ! ನಾನು ಒಪ್ಪಿಬಿಟ್ಟೆ.

ನಾಲ್ಕು ದಿನ ಬಿಟ್ಟು ಹೋದೆ. ಅಲ್ಲೇ ಮೂರ್ನಾಲ್ಕು ಹಾಡು ಹಾಕಿ ಕೇಳಿಸಿದರು, ಚೆನ್ನಾಗಿತ್ತು. ಕ್ಯಾಸೆಟ್ಟಿನ ಹೆಸರುಗಳೂ ಪಟ್ಟಿಯಲ್ಲಿ ಕಂಡವು. ಅವುಗಳಲ್ಲಿ ಒಂದನ್ನೂ ಹಾಕಿ ಕೇಳಲಿಲ್ಲ. ಅದೇ ನನ್ನ ತಪ್ಪು. ಒಂದೇ ಒಂದನ್ನು ಕೇಳಿದ್ದರೂ ಸಾಕಿತ್ತು.

ರಾತ್ರಿ ಊಟ ಆದ ಮೇಲೆ ಎಲ್ಲರನ್ನೂ ಕೂರಿಸಿ ಅಜ್ಜಿ ಹಾಡು ಒತ್ತಿದೆ. ಸದ್ದೇ ಇಲ್ಲ. ಇನ್ನೊಂದು ಒತ್ತಿದೆ, ಅದೂ ಇಲ್ಲ. ಹದಿನೆಂಟರಲ್ಲಿ ಒಂದೂ ಇಲ್ಲ. ಹೆಸರು ಇದೆ, ಒಳಗೆ ಏನೂ ಇಲ್ಲ. ಅಮ್ಮ ಏನೂ ಮಾತಾಡದೆ ಎದ್ದು ಒಳಗೆ ಹೋದರು.

ಪಕ್ಕದ ಮನೆ ಹುಡುಗ ಕಂಪ್ಯೂಟರಿಗೆ ಹಾಕಿ ಪರೀಕ್ಷೆ ಮಾಡಿದ. ಒಳಗಿರುವುದು ಬರೀ 8 ಜಿಬಿ. 64 ಅಂತ ಸುಳ್ಳು ತೋರಿಸುವ ಹಾಗೆ ಚಿಪ್ಪನ್ನೇ ತಿದ್ದಿದ್ದಾರೆ. ಒಂದು ಹಾಡಿಗೆ ನಾಲ್ಕೈದು ಎಂಬಿ ಅಂದರೂ ಅವರ ಫ್ರೀ ಹಾಡುಗಳಿಗೇ ಜಾಗ ಮುಗಿದಿದೆ. ಆಮೇಲೆ ಹಾಕಿದ್ದೆಲ್ಲ ಹೋಯಿತು. ಅಂದರೆ ನಮ್ಮದೆಲ್ಲ ಹೋಯಿತು.

ಮರುದಿನ ಬೆಳಿಗ್ಗೆಯೇ ಬಸ್ ಹತ್ತಿದೆ. ಮೊದಲು "ನೀವೇ ಎಲ್ಲೋ ಡಿಲೀಟ್ ಮಾಡಿರಬೇಕು" ಅಂದರು. ಆಮೇಲೆ "ನಿಮ್ಮ ಕಡೆ ತೇವ ಜಾಸ್ತಿ, ಪ್ಲೇಯರ್ ಒಳಗೆ ನೀರು ಹೋಗಿದೆ." ಒಂದೇ ರಾತ್ರಿಯಲ್ಲಾ? ನಿಮ್ಮ ಕಂಪ್ಯೂಟರಿನಲ್ಲಿ ಇರುತ್ತಲ್ವಾ, ಅದನ್ನಾದರೂ ಕೊಡಿ ಅಂದೆ. "ಕೆಲಸ ಮುಗಿದ ಮೇಲೆ ಅಳಿಸಿಬಿಡ್ತೀವಿ ಸಾರ್." ಕ್ಯಾಸೆಟ್? "ಗುಜರಿಗೆ ಹೋಯ್ತು. ನೀವೇ ತಾನೇ ಬಿಟ್ಟು ಹೋಗಿದ್ದು? ಮುನ್ನೂರು ಕಡಿಮೆ ಮಾಡಿದ್ದೆನಲ್ಲ." ಆ ಮುನ್ನೂರನ್ನು ನನ್ನ ಮುಖಕ್ಕೇ ಹಿಡಿದರು. ಅಂಗಡಿ ತುಂಬ ಜನ ನೋಡುತ್ತಿದ್ದರು. ಬಿಲ್ ಕೂಡ ಇರಲಿಲ್ಲ ನನ್ನ ಹತ್ತಿರ.

ಪ್ಲೇಯರ್ ಬೇಕಾದರೆ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಕ್ಯಾಸೆಟ್ ಬಿಡಬೇಡಿ, ಎಷ್ಟೇ ಬೂಸ್ಟು ಹಿಡಿದಿರಲಿ. ಮೆತ್ತಗೆ ಒರೆಸಿ ಶುಚಿ ಮಾಡಿದರೆ ಎಷ್ಟೋ ಸಲ ಮತ್ತೆ ಹಾಡುತ್ತದೆ. ಬಿಲ್ ಕೇಳಿ. ಫ್ರೀ ಹಾಡು ಬೇಡ ಅನ್ನಿ. ಎಚ್2ಟೆಸ್ಟ್‌ಡಬ್ಲ್ಯೂ (H2testw) ಅಂತ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ. ಹಾಡು ಹಾಕುವ ಮೊದಲೇ ಅದರಲ್ಲಿ ಪರೀಕ್ಷೆ ಮಾಡಿದರೆ ನಿಜವಾದ ಜಾಗ ಎಷ್ಟು ಅಂತ ತಿಳಿಯುತ್ತದೆ. ನಿಮ್ಮ ಕ್ಯಾಸೆಟ್ಟಿನದ್ದನ್ನು ಅಂಗಡಿಯಲ್ಲೇ ನಿಂತು ಕೇಳಿ. ಅವರ ಹಾಡನ್ನಲ್ಲ, ನಿಮ್ಮದನ್ನು.

ಆ ಮದುವೆಗೆ ಬಂದಿದ್ದ ನೆಂಟರು ಯಾರಾದರೂ ಇದನ್ನು ಓದುತ್ತಿದ್ದರೆ, ಆಗ ಕಾಪಿ ಮಾಡಿಸಿಕೊಂಡಿದ್ದರೆ, ದಯವಿಟ್ಟು ತಿಳಿಸಿ. ಅತ್ತೆಗೆ ಇನ್ನೂ ಹೇಳಿಲ್ಲ. ಗೌರಿ ಹಬ್ಬಕ್ಕೆ ಬರುತ್ತಾರೆ. ತಮ್ಮ ಅಮ್ಮನ ಹಾಡು ಕೇಳಬೇಕು ಅಂತ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ.