"ನಿಮ್ಮ ವೆಬ್‌ಸೈಟ್ ಹಳೇದಾಯ್ತು ಮೇಡಂ" ಅಂತ ಬರುವವರಿಗೆ ಮುಂಗಡ ಕೊಡುವ ಮುಂಚೆ ಇದನ್ನು ಓದಿ

ಉಪ್ಪಿನಕಾಯಿ, ಜೇನುತುಪ್ಪ, ಹಪ್ಪಳ, ಹೋಂಸ್ಟೇ ಅಂತ ಮನೆಯಿಂದಲೇ ವ್ಯಾಪಾರ ನಡೆಸುವವರಿಗೆ ಈ ಬರಹ. ಒಂದು ಕಂಪನಿಯವರು ನಮ್ಮ ಸೈಟನ್ನು ಪೂರ್ತಿ ತೆಗೆದು ಹೊಸದು ಮಾಡಿಕೊಟ್ಟರು. ಒಂದು ಇಡೀ ಮಿಡಿ ಸೀಸನ್ನಿನ ಆರ್ಡರ್ ಕೈತಪ್ಪಿತು. ಕಂಪನಿಯ ಹೆಸರು ಇಲ್ಲಿ ಹಾಕುವುದಿಲ್ಲ. ಅವರು ಹೆದರಿಸುವ ರೀತಿ ಹೇಗೆ, ಅದರಲ್ಲಿ ನಿಜ ಎಷ್ಟು ಅಂತ ತಿಳಿದಿದ್ದರೆ ಯಾರು ಬಂದರೂ ಗುರುತು ಹಿಡಿಯಬಹುದು.

ನಮ್ಮದು ಶಿರಸಿ ಹತ್ತಿರ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಮುರುಗಲು ಸಿರಪ್ ಮಾರುತ್ತೇವೆ. ಅತ್ತೆ ಶುರು ಮಾಡಿದ ವ್ಯಾಪಾರ. 2014ರಲ್ಲಿ ನೆಂಟರ ಹುಡುಗನೊಬ್ಬ ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟುವ ಸಾಫ್ಟ್‌ವೇರಿನಲ್ಲಿ ಸೈಟ್ ಮಾಡಿಕೊಟ್ಟಿದ್ದ. ನೋಡೋಕೆ ಸಾದಾ. ಒಂದೊಂದು ಪದಾರ್ಥಕ್ಕೆ ಒಂದು ಪುಟ, ಒಂದೆರಡು ಫೋಟೋ, ಫೋನ್ ನಂಬರ್. ಜೊತೆಗೆ ಅತ್ತೆ ಹೇಳಿ ಬರೆಸಿದ ಒಂದು ಪುಟ ಇತ್ತು. ಮಿಡಿಯನ್ನು ತೊಟ್ಟಿನ ಸಮೇತ ಯಾಕೆ ಕೊಯ್ಯಬೇಕು, ಸೊನೆಯಿಂದ ಪರಿಮಳ ಹೇಗೆ ಬರುತ್ತದೆ, ಉಪ್ಪಲ್ಲಿ ಎಷ್ಟು ದಿನ ಇಡಬೇಕು, ಇದೆಲ್ಲ ಅದರಲ್ಲಿತ್ತು. ಬೆಂಗಳೂರು, ಪುಣೆ, ಮುಂಬೈಯಿಂದ ಫೋನ್ ಮಾಡುವವರಲ್ಲಿ ಬಹಳ ಜನ ಆ ಪುಟ ಓದಿಯೇ ಬರುತ್ತಿದ್ದರು.

2023ರ ಶುರುವಿನಲ್ಲಿ ಕಂಪನಿಯ ಹುಡುಗ ಮನೆಗೇ ಬಂದ. ಲ್ಯಾಪ್‌ಟಾಪ್‌ನಲ್ಲಿ ನಮ್ಮ ಸೈಟ್ ತೆರೆದು, ವಿಳಾಸದ ಪಕ್ಕ ಬರುವ 'ನಾಟ್ ಸೆಕ್ಯೂರ್' ಅನ್ನೋ ಅಕ್ಷರದ ಮೇಲೆ ಬೆರಳಿಟ್ಟ. "ನೋಡಿ ಮೇಡಂ, ಗೂಗಲ್ಲೇ ಹೇಳ್ತಿದೆ. ಇನ್ನಾರು ತಿಂಗಳಲ್ಲಿ ನಿಮ್ಮ ಸೈಟನ್ನ ಗೂಗಲ್‌ನಿಂದ ತೆಗೆದುಹಾಕ್ತಾರೆ. ಪೂರ್ತಿ ಹೊಸದೇ ಮಾಡಬೇಕು." ಬೆಲೆ 85 ಸಾವಿರ, ಅರ್ಧ ಮುಂಗಡ.

ಅರ್ಧ ನಿಜದ ಜೊತೆ ಅರ್ಧ ಸುಳ್ಳು ಸೇರಿಸುವುದೇ ಇವರ ದಾರಿ. ಆ ಅಕ್ಷರ ಬರುವುದು ನಿಜ. ಎಚ್‌ಟಿಟಿಪಿಎಸ್, ಅಂದರೆ ಸೈಟಿಗೂ ನೋಡುವವರಿಗೂ ನಡುವೆ ಓಡಾಡುವ ಮಾಹಿತಿಯನ್ನು ಗುಟ್ಟಾಗಿಡುವ ವ್ಯವಸ್ಥೆ, ಇಲ್ಲದ ಸೈಟುಗಳಿಗೆಲ್ಲ ಕ್ರೋಮ್ 2018ರ ಜುಲೈಯಿಂದಲೇ ಹಾಗೆ ತೋರಿಸುತ್ತಿದೆ. ಆದರೆ ಅದಕ್ಕೆ ಬೇಕಾಗಿರುವುದು ಒಂದು ಸರ್ಟಿಫಿಕೇಟ್ ಅಷ್ಟೇ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ. ಸೈಟ್ ಇಡೋಕೆ ಜಾಗ ಕೊಡುವ ಎಷ್ಟೋ ಹೋಸ್ಟಿಂಗ್ ಕಂಪನಿಗಳಲ್ಲಿ ಒಂದು ಬಟನ್ ಒತ್ತಿದರೆ ಬಂದುಬಿಡುತ್ತದೆ. ಗೂಗಲ್ ಮೊಬೈಲ್‌ನಲ್ಲಿ ಕಾಣುವ ರೂಪವನ್ನೇ ಮುಖ್ಯವಾಗಿ ಓದುತ್ತದೆ ಅನ್ನೋದೂ ನಿಜ. 2018ರಿಂದ ಒಂದೊಂದೇ ಸೈಟನ್ನು ಆ ಪದ್ಧತಿಗೆ ತರುತ್ತಾ, 2023ರ ಅಕ್ಟೋಬರ್ ಹೊತ್ತಿಗೆ ಆ ಕೆಲಸ ಮುಗಿಯಿತು ಅಂತ ಅವರೇ ತಿಳಿಸಿದರು. ಹಾಗಂತ ಹಳೇ ಸೈಟುಗಳನ್ನು ತೆಗೆದುಹಾಕುತ್ತಾರೆ ಅಂತ ಎಲ್ಲೂ ಹೇಳಿಲ್ಲ. ಅದು ಸುಮ್ನೆ ಹೆದರಿಸೋಕೆ ಆಡಿದ ಮಾತು.

ಹೊಸ ಸೈಟ್ ಬಂತು. ತೆರೆದರೆ ಮೊದಲು ಜಲಪಾತದ ವಿಡಿಯೋ. ಯಾವ ಜಲಪಾತ ಅಂತ ನಮಗೂ ಗೊತ್ತಿಲ್ಲ. ಅವರ ಆಫೀಸಿನ ವೈಫೈಯಲ್ಲಿ ಚಂದ ಓಡಿತ್ತು. ನಮ್ಮ ಅಂಗಳದಲ್ಲಿ ನಿಂತು ಫೋನಲ್ಲಿ ತೆರೆದರೆ ಬಿಳೀ ಪರದೆ, ಅದರ ನಡುವೆ ಸುತ್ತುವ ಒಂದು ಚಕ್ರ. ಆಮೇಲೆ ವಿಡಿಯೋದ ಮೊದಲ ಚೂರು ಬಂದು ನಿಂತುಬಿಡುವುದು. ಉಪ್ಪಿನಕಾಯಿಯ ಬೆಲೆ ನೋಡಬೇಕಂದರೆ ಮೂರು ಪರದೆ ಕೆಳಗೆ ಹೋಗಬೇಕು. ಫೋನ್ ನಂಬರಂತೂ 'ಕಾಂಟ್ಯಾಕ್ಟ್' ಅನ್ನೋ ಬೇರೆ ಪುಟದಲ್ಲಿ. ಹಳೇ ಸೈಟಿನಲ್ಲಿ ನಂಬರ್ ಒತ್ತಿದರೆ ಸೀದಾ ಅತ್ತೆಯ ಫೋನಿಗೆ ರಿಂಗ್ ಆಗುತ್ತಿತ್ತು.

ಇದನ್ನಾದರೂ ಸರಿಮಾಡಿಸಬಹುದಿತ್ತು. ನಿಜವಾದ ಪೆಟ್ಟು ಕಣ್ಣಿಗೆ ಕಾಣದ ಕಡೆ ಬಿದ್ದಿತ್ತು. ಹೊಸ ಸೈಟಿನಲ್ಲಿ ಎಲ್ಲ ಪುಟಗಳ ವಿಳಾಸವನ್ನೂ ಬದಲಾಯಿಸಿದ್ದರು. ಹಳೇ ವಿಳಾಸಕ್ಕೆ ಹೋದವರನ್ನು ಹೊಸ ವಿಳಾಸಕ್ಕೆ ಕಳಿಸುವ ವ್ಯವಸ್ಥೆಗೆ 301 ರೀಡೈರೆಕ್ಟ್ ಅನ್ನುತ್ತಾರೆ. ಅದನ್ನು ಒಂದಕ್ಕೂ ಮಾಡಿರಲಿಲ್ಲ. ಗೂಗಲ್‌ನಲ್ಲಿ ವರ್ಷಗಟ್ಟಲೆ ಮೇಲೆ ಬರುತ್ತಿದ್ದ ಅತ್ತೆಯ ಪುಟ ಒತ್ತಿದರೆ '404, ಪುಟ ಸಿಗಲಿಲ್ಲ'. ಸ್ವಲ್ಪ ದಿನ ಹಾಗೆ ಕಂಡು, ಆಮೇಲೆ ಗೂಗಲ್‌ನಿಂದಲೇ ಉದುರಿಹೋಯಿತು. ಮಿಡಿ ಬರುವ ಹೊತ್ತಿಗೆ ಫೋನ್ ನಿಂತಿತು. ಹಳೇ ಗಿರಾಕಿ, ಮಲ್ಲೇಶ್ವರದ ಒಬ್ಬ ಅಜ್ಜಿ, ಡೈರಿಯಲ್ಲಿ ಬರೆದಿಟ್ಟ ನಂಬರ್ ಹುಡುಕಿ ಫೋನ್ ಮಾಡಿದರು. "ಏನಮ್ಮಾ, ಅಂಗಡಿ ಮುಚ್ಬಿಟ್ರಾ? ಮೊಮ್ಮಗ ಎಷ್ಟು ಹುಡುಕಿದ್ರೂ ನೀವು ಸಿಗ್ತಾನೇ ಇಲ್ಲ ಅಂದ." ಡೈರಿಯಲ್ಲಿ ನಂಬರ್ ಇಲ್ಲದವರು ಎಷ್ಟು ಜನ ಹಾಗೇ ಬೇರೆ ಕಡೆ ಹೋದರೋ.

ಕಂಪನಿಯವರನ್ನು ಕೇಳಿದರೆ "ಎಸ್‌ಇಒ ಬೇರೆ ಪ್ಯಾಕೇಜ್ ಮೇಡಂ, ತಿಂಗಳಿಗೆ ಇಷ್ಟು" ಅಂದರು. ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವ ಕೆಲಸ. ತಾವೇ ಮುರಿದದ್ದನ್ನು ಜೋಡಿಸೋಕೆ ತಿಂಗಳ ಬಾಡಿಗೆ! ಬೇರೆಯವರ ಕೈಲಿ ಮಾಡಿಸೋಣ ಅಂತ ಹೊರಟಾಗ ಇನ್ನೊಂದು ಬಯಲಾಯಿತು. ಸೈಟ್ ಸ್ಥಳಾಂತರಕ್ಕೆ ಅಂತ ಲಾಗಿನ್ ಇಸಿದುಕೊಂಡವರು ನಮ್ಮ ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸದ ಹೆಸರನ್ನು, ತಮ್ಮ ಖಾತೆಗೆ, ತಮ್ಮ ಇಮೇಲಿಗೆ ಬದಲಾಯಿಸಿಕೊಂಡಿದ್ದರು. ನಮಗೆ ಒಂದು ಮಾತೂ ಹೇಳಿರಲಿಲ್ಲ. ಬಾಟಲಿ ಬಾಟಲಿಯ ಲೇಬಲ್ ಮೇಲೆ ಅಚ್ಚಾಗಿರುವ ಹೆಸರು ಅದು. ವಾಪಸ್ ಕೊಡೋಕೆ ಮತ್ತೆ ದುಡ್ಡು ಕೇಳಿದರು. ಕೊಟ್ಟೇ ಬಿಡಿಸಿಕೊಂಡೆವು. ಅತ್ತೆ ಆವತ್ತು ಊಟ ಮಾಡಲಿಲ್ಲ.

ಆಮೇಲೆ ಹುಬ್ಬಳ್ಳಿಯಲ್ಲಿ ಈ ಕೆಲಸ ಬಲ್ಲ ಒಬ್ಬರು ಹಳೇ ಸೈಟಿನದು ಇಂಟರ್ನೆಟ್ಟಿನಲ್ಲಿ ಉಳಿದಿದ್ದ ಪ್ರತಿಯನ್ನು ಕೂತು ಪರೀಕ್ಷೆ ಮಾಡಿದರು. ಅದಕ್ಕೆ ನಿಜವಾಗಿ ಏನು ಬೇಕಿತ್ತು ಅಂದರೆ: ಸರ್ಟಿಫಿಕೇಟ್, ಮೊಬೈಲ್‌ಗೆ ಒಗ್ಗುವ ಹೊಸ ಥೀಮ್ (ಸೈಟಿನ ಹೊರರೂಪ), ವರ್ಡ್‌ಪ್ರೆಸ್ ಮತ್ತು ಅದನ್ನು ಬರೆದಿರುವ ಪಿಎಚ್‌ಪಿ ಅನ್ನೋ ಕಂಪ್ಯೂಟರ್ ಭಾಷೆಯ ಅಪ್‌ಡೇಟ್. ಇನ್ನೊಂದು ಕನ್ನಡದ್ದು. ಕೆಲವು ಪುಟಗಳ ಕನ್ನಡವನ್ನು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಚಿತ್ರವಾಗಿ ಹಾಕಲಾಗಿತ್ತು. ನಮ್ಮ ಕಣ್ಣಿಗೆ ಅದು 'ಅಪ್ಪೆಮಿಡಿ', ಗೂಗಲ್‌ಗೆ ಬರೀ ಒಂದು ಫೋಟೋ. ಅದನ್ನು ಫೋನು, ಕಂಪ್ಯೂಟರುಗಳೆಲ್ಲ ಅಕ್ಷರವಾಗಿ ಓದುವ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದರೆ ಕನ್ನಡದಲ್ಲಿ ಹುಡುಕುವವರಿಗೂ ಸಿಗುತ್ತದೆ. ಇಷ್ಟೂ ರಿಪೇರಿ ಕೆಲಸ. ಹೆಂಚು ಸೋರುತ್ತದೆ ಅಂತ ಯಾರೂ ಮನೆ ಕೆಡವುವುದಿಲ್ಲ ಅಲ್ವಾ?

ಹಾಗಾದರೆ ಹೊಸದು ಕಟ್ಟಿಸಲೇಬೇಕಾದ ಸಂದರ್ಭ ಇಲ್ಲವೇ? ಖಂಡಿತ ಇದೆ. ಹಿಂದೆ ಚಲಿಸುವ ಚಿತ್ರಗಳಿಗೆ ಬಳಸುತ್ತಿದ್ದ ಫ್ಲ್ಯಾಶ್ ಅನ್ನೋ ಸಾಫ್ಟ್‌ವೇರಿನಲ್ಲಿ ಮಾಡಿದ ಸೈಟುಗಳಿಗೆ ಬೇರೆ ದಾರಿಯೇ ಇರಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್ ನಿಲ್ಲಿಸಿತು, ಮುಂದಿನ ತಿಂಗಳು ಅದು ಬ್ರೌಸರಿನಲ್ಲಿ ಓಡುವುದೇ ನಿಂತಿತು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಕೊಡುತ್ತಿದ್ದ ಸಣ್ಣ ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಅದನ್ನೇ ನಂಬಿದ್ದ ಹೋಂಸ್ಟೇಯವರು, ಟೈಲರ್‌ಗಳು ಹೊಸದು ಮಾಡಿಸಲೇಬೇಕಾಯಿತು. ಇನ್ನು, ಸೈಟ್ ಬರೆದವನು ಈಗ ಇಲ್ಲ, ಬೇರೆ ಯಾರಿಗೂ ಆ ಕೋಡ್ ಅರ್ಥ ಆಗುತ್ತಿಲ್ಲ, ಪಿಎಚ್‌ಪಿ 5.6ಕ್ಕಿಂತ ಹೊಸದರಲ್ಲಿ ಅದು ಓಡುವುದೇ ಇಲ್ಲ ಅಂದರೆ ಅದೂ ಹೊಸದಕ್ಕೆ ಕಾರಣವೇ. ಆ 5.6ಕ್ಕೆ ಭದ್ರತೆಯ ಅಪ್‌ಡೇಟ್ ಬರುವುದು 2018ರ ಕೊನೆಗೇ ನಿಂತಿದೆ. ಹ್ಯಾಕ್ ಆಗಿ, ತೊಳೆದಷ್ಟೂ ಮತ್ತೆ ಮತ್ತೆ ಆಗುತ್ತಿದ್ದರೂ ಅಷ್ಟೇ. ನಿಮ್ಮ ವ್ಯಾಪಾರವೇ ಬದಲಾಗಿದ್ದರೂ ಅಷ್ಟೇ. ಮೊದಲು ಅಂಗಡಿಗಳಿಗೆ ಸಗಟಾಗಿ ಕೊಡುತ್ತಿದ್ದವರು ಈಗ ಮನೆಮನೆಗೆ ಕೊರಿಯರ್ ಮಾಡುತ್ತೀರಿ, ಯುಪಿಐಯಲ್ಲಿ ದುಡ್ಡು ತಗೊಳ್ಳಬೇಕು ಅಂತಾದರೆ ಹಳೇ ಸೈಟಿಗೆ ತೇಪೆ ಹಾಕುತ್ತಾ ಕೂರುವುದು ದಂಡ. ಒಂದು ಬೆಲೆ ಬದಲಾಯಿಸೋಕೂ ಯಾರಿಗೋ ಫೋನ್ ಮಾಡಿ ಕಾಯಬೇಕು ಅನ್ನೋ ಸೈಟನ್ನಂತೂ ನಾನು ಇಟ್ಟುಕೊಳ್ಳುವುದಿಲ್ಲ.

'ನೋಡೋಕೆ ಹಳೇದು' ಅನ್ನೋದು ಮಾತ್ರ ಕಾರಣ ಅಲ್ಲ. ಅದನ್ನು ಹೇಳುವುದು ಮಾರುವವರು, ಗಿರಾಕಿಗಳಲ್ಲ.

ಯಾರಾದರೂ ಬಂದು ಹೆದರಿಸಿದರೆ ಆವತ್ತೇ ಮಾತು ಕೊಡಬೇಡಿ. ಗೂಗಲ್‌ನ ಸರ್ಚ್ ಕನ್ಸೋಲ್ ಪುಕ್ಕಟೆ. ಜನ ಯಾವ ಪದ ಹುಡುಕಿ, ಯಾವ ಪುಟಕ್ಕೆ ಬರುತ್ತಿದ್ದಾರೆ ಅಂತ ಅದರಲ್ಲಿ ಕಾಣುತ್ತದೆ. ಜಾಸ್ತಿ ಜನ ಬರುವ ಪುಟಗಳ ವಿಳಾಸವನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. "ಇವೆಲ್ಲ ಹೊಸ ಸೈಟಿನಲ್ಲಿ ಎಲ್ಲಿಗೆ ಹೋಗ್ತವೆ?" ಅಂತ ಕೇಳಿ. ಆ ಪ್ರಶ್ನೆಗೆ ಕಣ್ಣು ಕಣ್ಣು ಬಿಟ್ಟರೆ ಕಾಫಿ ಕೊಟ್ಟು ಕಳಿಸಿ. ರೀಡೈರೆಕ್ಟನ್ನು ಕಡೇ ಪಕ್ಷ ಒಂದು ವರ್ಷ ಇಡಿ ಅನ್ನುತ್ತದೆ ಗೂಗಲ್. ತೆಗೆಯದೇ ಇಟ್ಟರೆ ಇನ್ನೂ ಒಳ್ಳೆಯದು. ಹಳೇ ಸೈಟಿನ ಪೂರ್ತಿ ಬ್ಯಾಕಪ್ ನಿಮ್ಮ ಪೆನ್‌ಡ್ರೈವ್‌ಗೆ ಬಂದ ಮೇಲೆಯೇ ಅವರು ಕೈ ಹಾಕಲಿ. ನಮ್ಮ ಬ್ಯಾಕಪ್ ಕಂಪನಿಯವರ ಹತ್ತಿರವೇ ಇತ್ತು, ಕೇಳಿದಾಗ 'ಡಿಲೀಟ್ ಆಗಿದೆ' ಅಂದರು. ಅತ್ತೆಯ ಪುಟ ಕಡೆಗೆ ಸಿಕ್ಕಿದ್ದು ಹಳೇ ವೆಬ್ ಪುಟಗಳ ಪ್ರತಿ ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ. ಅಕ್ಷರಗಳು ಬಂದವು, ಫೋಟೋಗಳು ಎಲ್ಲ ಬರಲಿಲ್ಲ. ಅದನ್ನು ಹಳೇ ವಿಳಾಸದಲ್ಲೇ ಮತ್ತೆ ಹಾಕಿದ್ದೇವೆ.

ಇನ್ನು ಡೊಮೇನ್. ಹೊಸ ಸೈಟಿನ ಯೋಚನೆ ಇರಲಿ, ಇಲ್ಲದಿರಲಿ, ಇದನ್ನು ಇವತ್ತೇ ನೋಡಿ. ಡೊಮೇನ್ ಕೊಂಡ ಖಾತೆ ಯಾರ ಇಮೇಲಿನಲ್ಲಿದೆ? ರಿನ್ಯೂ ಮಾಡಿ ಅಂತ ವರ್ಷವರ್ಷ ಬರುವ ಮೇಲ್ ನಿಮಗೆ ಬರುತ್ತಿದೆಯೇ, ಅಥವಾ ಸೈಟ್ ಮಾಡಿದವರಿಗೆ ಹೋಗುತ್ತಿದೆಯೇ? ಅವರಿಗೆ ಹೋಗುತ್ತಿದ್ದರೆ, ಅವರ ಜೊತೆ ಸಂಬಂಧ ಚೆನ್ನಾಗಿರುವಾಗಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮುಂದೆ ಯಾರಿಗೇ ಕೆಲಸ ಕೊಟ್ಟರೂ ಆ ಪಾಸ್‌ವರ್ಡ್ ಕೊಡಬೇಡಿ. ಸೈಟ್ ಬೇರೆ ಸರ್ವರಿಗೆ ತಿರುಗಿಸೋಕೆ ಏನು ಬದಲಾಯಿಸಬೇಕು ಅಂತ ಅವರು ಬರೆದು ಕಳಿಸಿದರೆ ಸಾಕು. ಅದನ್ನು ನೀವೇ ಖಾತೆಗೆ ಹೋಗಿ, ಅವರು ಫೋನಲ್ಲಿ ಹೇಳುತ್ತಾ ಹೋದ ಹಾಗೆ, ಕೂತಲ್ಲೇ ಮಾಡಬಹುದು.