ಕಾಶಿಯಲ್ಲಿ ಯಾರಾದರೂ ಕನ್ನಡದಲ್ಲಿ ಕರೆದರೆ

"ಅಮ್ಮಾ, ಊಟ ಆಯ್ತಾ? ಕರ್ನಾಟಕನಾ?"

ಗೋದೌಲಿಯಾ ಸರ್ಕಲ್ಲಿನಲ್ಲಿ ಈ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮನ ಮುಖ ಅರಳಿತು. ಅಲ್ಲಿಂದ ಮೂರು ಗಂಟೆಯಲ್ಲಿ ನಮ್ಮ 14,000 ರೂಪಾಯಿ ಹೋಯಿತು.

ಅಮ್ಮನನ್ನು ಬೈಯಲು ನನಗೆ ಮನಸ್ಸಿಲ್ಲ. ನಾವು ಇಳಿದುಕೊಂಡಿದ್ದು ವೀರಶೈವರ ಜಂಗಮವಾಡಿ ಮಠದಲ್ಲಿ. ಎಲ್ಲಿ ನೋಡಿದರೂ ಲಿಂಗಗಳು, ಎಲ್ಲಿ ಹೋದರೂ ನಮ್ಮ ಕಡೆಯ ಜನ. ಬೆಳಿಗ್ಗೆಯಿಂದ ಕನ್ನಡ ಕೇಳಿಕೊಂಡು ಹೊರಗೆ ಬಂದವರಿಗೆ ಬೀದಿಯಲ್ಲೂ ಒಬ್ಬ ಕನ್ನಡ ಮಾತಾಡಿದರೆ ಅನುಮಾನ ಹೇಗೆ ಬರಬೇಕು? ಹಿಂದಿ ಬಾರದ ಅಮ್ಮ, ಚಿಕ್ಕಮ್ಮ ಇಬ್ಬರೂ ಅವನ ಹಿಂದೆ ಹೊರಟೇಬಿಟ್ಟರು. ಬ್ಯಾಗ್ ಹಿಡಿದುಕೊಂಡು ನಾನೂ ಹೋದೆ. "ದುಡ್ಡು ಏನೂ ಬೇಡ ಅಮ್ಮಾ, ಸೇವೆ" ಅಂದ. ನಾನು ಎಚ್ಚರವಾಗಬೇಕಿದ್ದದ್ದು ಅಲ್ಲೇ.

ಗಲ್ಲಿಯಿಂದ ಗಲ್ಲಿಗೆ ತಿರುಗಿಸಿ ಮಣಿಕರ್ಣಿಕಾ ಘಾಟಿನ ಮೇಲಿನ ಒಂದು ಹಳೇ ಕಟ್ಟಡಕ್ಕೆ ಹತ್ತಿಸಿದ. ಕೆಳಗೆ ಚಿತೆಗಳು ಉರಿಯುತ್ತಿದ್ದವು. ಹಗಲು ರಾತ್ರಿ ಆರದ ಜಾಗ ಅದು. ಅಮ್ಮ ಕೈಮುಗಿದು ನಿಂತಳು. ಆಗ ಇನ್ನೊಬ್ಬ ಬಂದ. ಇಲ್ಲಿ ಸಾಯಲು ಕಾಯುತ್ತಿರುವ ಬಡವರಿದ್ದಾರೆ, ಸುಡಲು ಕಟ್ಟಿಗೆಗೆ ಗತಿಯಿಲ್ಲ, ಕಿಲೋಗೆ 500 ರೂಪಾಯಿ ಅಂದ. ಮೂಲೆಯಲ್ಲಿದ್ದ ಒಬ್ಬ ಅಜ್ಜಿ ಅಮ್ಮನ ತಲೆ ಮೇಲೆ ಕೈ ಇಟ್ಟಳು. ಆ ಹೊಗೆಯಲ್ಲಿ, ಆ ಹೊತ್ತಲ್ಲಿ ಚೌಕಾಸಿ ಮಾಡಲು ಯಾರಿಗೆ ಬಾಯಿ ಬರುತ್ತದೆ? ಹೋದ ವರ್ಷವಷ್ಟೇ ಅಪ್ಪನನ್ನು ಕಳಕೊಂಡವಳು ಅಮ್ಮ. ಐದು ಕಿಲೋ ಅಂದಳು. 2,500 ಕೊಟ್ಟೆವು. "ಇಷ್ಟೇನಾ?" ಅಂತ ಅವನ ದನಿ ಏರಿತು. ಬಾಗಿಲಿಗೆ ಅಡ್ಡ ಇಬ್ಬರು ನಿಂತಿದ್ದರು. ನಾನು ಚಿಕ್ಕಮ್ಮನ ಕೈ ಹಿಡಿದು ನುಗ್ಗಿಕೊಂಡು ಬಂದೆ.

ಘಾಟಿನಲ್ಲಿ ಕಟ್ಟಿಗೆಯನ್ನು ದೊಡ್ಡ ತಕ್ಕಡಿಯಲ್ಲಿ ತೂಗಿ ಎಲ್ಲರ ಕಣ್ಣೆದುರೇ ಮಾರುತ್ತಾರೆ. ಅಲ್ಲಿ ರೇಟು ಕೇಳಿದ್ದರೆ ಸಾಕಿತ್ತು. ಮನಸ್ಸಿದ್ದರೆ ಅಲ್ಲಿಗೇ ಹೋಗಿ ದಾನ ಮಾಡಿ. ಯಾರದೋ ಮಹಡಿ ಮಾತ್ರ ಹತ್ತಬೇಡಿ.

ಇಷ್ಟಾದ ಮೇಲೂ ಸೀರೆ ಅಂಗಡಿಗೆ ಹೋದಿರಾ ಅಂತ ಕೇಳಬೇಡಿ. ಹೋದೆವು. "ಅವರು ಕೆಟ್ಟ ಜನ ಅಮ್ಮಾ, ನನಗೆ ಗೊತ್ತಿರಲಿಲ್ಲ" ಅಂತ ಆ ಕನ್ನಡ ಮಾತಾಡಿದವನೇ ಸಮಾಧಾನ ಮಾಡಿ, "ನೇಕಾರರ ಸೊಸೈಟಿ, ಸರ್ಕಾರಿ ರೇಟು" ಅಂತ ಕರಕೊಂಡು ಹೋದ. ಬಾಗಿಲಲ್ಲಿ ಒಂದು ಕೈಮಗ್ಗ, ಅದರ ಮುಂದೆ ಒಬ್ಬ ತಾತ. ಒಳಗೆ ಹಾಸಿಗೆ, ಚಹಾ, ಸೀರೆಗಳ ಗುಡ್ಡ. ಬನಾರಸಿ ಸೀರೆಗೆ 2009ರಲ್ಲೇ ಜಿಐ ಟ್ಯಾಗ್, ಅಂದರೆ ಆ ಕಡೆಯದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ಅಸಲಿ ರೇಷ್ಮೆ ಅಂತ ಖಾತ್ರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿಯೂ ಇದೆ. ಆ ಸಿಲ್ಕ್ ಮಾರ್ಕಿನ ಹಿಂದಿರುವ ಕೇಂದ್ರ ರೇಷ್ಮೆ ಮಂಡಳಿ ಇರುವುದೇ ಬೆಂಗಳೂರಿನಲ್ಲಿ. ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ನಿಲ್ಲುವ ನನಗೆ ಅಲ್ಲಿ ಅದು ನೆನಪಾಗಲಿಲ್ಲ ನೋಡಿ! 11,500ಕ್ಕೆ ಒಂದು ಸೀರೆ. ಬಿಲ್ಲು ಕೇಳಿದರೆ ಬಿಳಿ ಹಾಳೆ ಮೇಲೆ ಬರೆದುಕೊಟ್ಟರು.

ರಾತ್ರಿ ಮಠದಲ್ಲಿ ಪಕ್ಕದ ರೂಮಿನ ದಾವಣಗೆರೆಯ ಅಜ್ಜಿ ಸೆರಗಿನ ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಗೀರಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಮಣಿಯಾಯಿತು. ಪ್ಲಾಸ್ಟಿಕ್ ವಾಸನೆ. ಬೆಳಿಗ್ಗೆ ವಾಪಸ್ ಕೊಡಲು ಹೋದರೆ ಆ ಗಲ್ಲಿಯೇ ಸಿಗಲಿಲ್ಲ.

ಉಳಿದದ್ದೆಲ್ಲ ಚೆನ್ನಾಗಿಯೇ ಆಯಿತು. ವಿಶ್ವನಾಥನ ದರ್ಶನವಾಯಿತು. ಗಂಗಾ ಆರತಿಗೆ "ಸೀಟು ಕೊಡಿಸ್ತೀನಿ" ಅನ್ನುವವರಿಗೆ ದುಡ್ಡು ಕೊಡಬೇಡಿ, ಬೇಗ ಹೋದರೆ ಮೆಟ್ಟಿಲ ಮೇಲೆ ಸುಮ್ನೆ ಕೂತು ನೋಡಬಹುದು.

ಮರುದಿನ ಸಂಜೆ ಅದೇ ಸರ್ಕಲ್ಲಿನಲ್ಲಿ ಅವನೇ ಕಂಡ. ಈ ಸಲ ಇಬ್ಬರು ತೆಲುಗು ಹೆಂಗಸರ ಹತ್ತಿರ, "ಭೋಜನಂ ಅಯ್ಯಿಂದಾ ಅಮ್ಮಾ?" ನಾನು ಬಾಯಿ ಬಿಡುವ ಮೊದಲೇ ಅಮ್ಮ ಹೋಗಿ ಅವರಲ್ಲಿ ಒಬ್ಬಾಕೆಯ ಕೈ ಹಿಡಿದು, "ಬೇಡ ಕಣಮ್ಮಾ, ಸೀರೆಗೆ ಹೋಗಬೇಡ, ಸೀರೆ ಮೋಸ" ಅಂದಳು. ಆಕೆಗೆ ಒಂದು ಮಾತು ಮಾತ್ರ ಅರ್ಥವಾಗಿರಬೇಕು. ಕಣ್ಣರಳಿಸಿ ಕೇಳಿದಳು: "ಚೀರಲಾ? ಎಕ್ಕಡ?"